ವಿಜಯಲಕ್ಷ್ಮಿಯ ಕುಬಸದ ಫೋಟೊ

ಸಿಂದಗಿ

ಸಿದ್ದಲಿಂಗವ್ವ ಕಾಕಿಯವರಿಗೆ ಸ್ಟುಡಿಯೋದ ನಿಷತಳ ನಮಸ್ಕಾರ.

ನಿಮ್ಮ ಮಗಳು ವಿಜಯಲಕ್ಷ್ಮಿಯ ಕುಬಸದ, ಅಂದರೆ ಸೀಮಂತದ, ಫೋಟೊಗಳನ್ನು ಕೊಲಾಜ್ ಮಾಡಲು ಕೂತಿದ್ದೆ. ಕ್ಯಾಮೆರಾದ ಮೂಲ ಫೈಲಿನಲ್ಲಿ ನೆರಳು ತಿಳಿಮಾಡಿದಾಗ ಅವಳ ತೋಳಿನ ಮೇಲೆ ಬೆರಳು ಒತ್ತಿದ ನೀಲಿ ಗುರುತುಗಳು ಕಂಡವು. ಅವಳೊಂದಿಗೆ ಸ್ಟುಡಿಯೋಗೆ ಬಂದಿದ್ದ ನಿಮ್ಮ ಅಳಿಯ ಸಂಗಮೇಶ ಅವರು ನೋಡಿ, "ಅವನ್ನ ಅಳಿಸಿಬಿಡ್ರಿ, ಚಂದ ಕಾಣಂಗಿಲ್ಲ" ಎಂದರು.

ಅವರು ಹೊರಗೆ ಹೋದಾಗ ವಿಜಯಲಕ್ಷ್ಮಿಯನ್ನು ಕೇಳಿದೆ. "ಅಪ್ಪಗ ಹೇಳಬ್ಯಾಡ್ರಿ, ಜಗಳ ಆಗ್ತೈತಿ. ಅವ್ವ ಬಂದ್ರ ಆಕಿ ಜೋಡಿ ತವರಿಗೆ ಹೋಗ್ತೇನಿ" ಎಂದು ಅತ್ತಳು.

ನಾನು ಏನನ್ನೂ ಅಳಿಸಿಲ್ಲ. ಕೆಲಸ ಮುಗಿದಿಲ್ಲವೆಂದು ಹೇಳಿ ಫೋಟೊ ಕೊಡದೆ ಇಟ್ಟುಕೊಂಡಿದ್ದೇನೆ. ಅವಳಿಗೆ ಫೋನ್ ಮಾಡಬೇಡಿ, ಅವಳ ಫೋನು ಸಂಗಮೇಶ ಅವರ ಕೈಯಲ್ಲೇ ಇರುತ್ತದೆ. ಒಂಬತ್ತು ತಿಂಗಳು ತುಂಬುವವರೆಗೆ ಕಾಯದೆ ಈ ಕಾಗದ ಮುಟ್ಟಿದ ಕೂಡಲೇ ಬನ್ನಿ. ಹೆರಿಗೆಗೆಂದು ತಾಯಿಯೇ ಬಂದು ಕರೆದರೆ ಯಾರೂ ಒಲ್ಲೆ ಅನ್ನಲಾರರು.

ನಿಮ್ಮ ದಾರಿ ನೋಡುತ್ತಿರುವ,
ನಿಷತ