ಆರನೆಯ ಚೌಕ

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ತಮ್ಮನಿಗೆ,

ನಿನ್ನೆ ಬೆಳಿಗ್ಗೆ ಹತ್ತೂವರೆಗೆ ದೂರದರ್ಶಕದ ಉಪಕರಣದ ಮುಚ್ಚಳ ತೆಗೆದರು. ಒಳಗೆ ನೀನು ಬಿಗಿದ ಇಪ್ಪತ್ತನಾಲ್ಕು ಬೋಲ್ಟ್‌ಗಳಲ್ಲಿ ಒಂದೂ ಸಡಿಲವಾಗಿರಲಿಲ್ಲ. ಹಾಗೆಂದು ಹೇಳಿದವರು ನಮ್ಮ ಹಿರಿಯ ಫಿಟ್ಟರ್. ಒಂದೊಂದಕ್ಕೂ ಎರಡೆರಡು ಸಲ ಸ್ಪ್ಯಾನರ್ ಹಾಕಿ ನೋಡಿ, "ಬಿಗಿಯಪ್ಪನ ಕೈ ಅಂದ್ರೆ ಬಿಗಿಯಪ್ಪನ ಕೈನೇ ಕಣ್ರೀ. ಸುಮ್ಮನೆ ಅವನನ್ನ ಓಡಿಸಿಬಿಟ್ರಿ" ಎಂದರು. ನಿನಗೆ ಆ ಹೆಸರಿಟ್ಟವರೇ ಅವರು. ಕೋಣೆಯಲ್ಲಿದ್ದ ಯಾರೂ ನಗಲಿಲ್ಲ.

ಎಂಟು ತಿಂಗಳು ಒಂದು ಸಾಲೂ ಬರೆಯದ ಅಕ್ಕ ಈಗ ಹೇಗಿದ್ದೀಯ ಎಂದು ಕೇಳಿದರೆ ನೀನು ಕಾಗದವನ್ನು ಮಡಿಸಿ ಬದಿಗಿಡಬಹುದು. ಇಡಬೇಡ, ಕೊನೆಯವರೆಗೂ ಓದು. ಫ್ರಿಜ್ ರಿಪೇರಿ ಅಂಗಡಿಯಲ್ಲಿ ಕೆಲಸ ಹೆಚ್ಚಾಗಿ ನಿನಗೆ ಬೆನ್ನುನೋವು ಬಂದಿದೆಯಂತೆ. ಅಮ್ಮ ಇಷ್ಟು ಮಾತ್ರ ಹೇಳಿದಳು. ನಿನ್ನ ಫೋನ್ ಬಂದರೆ ಅವಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ನಿನಗೆ ಗೊತ್ತಿರುವುದನ್ನೂ ಕ್ರಮವಾಗಿ ಬರೆಯುತ್ತೇನೆ. ಈ ಕಾಗದವನ್ನು ನೀನು ಬೇರೆಯವರಿಗೆ ತೋರಿಸಬೇಕಾಗಬಹುದು. ದೂಳು ಮುಸುಕಿದ ಗೆಲಾಕ್ಸಿಗಳಲ್ಲಿ ಹುಟ್ಟುವ ನಕ್ಷತ್ರಗಳ ಬೆಳಕು ನಮಗೆ ಕಾಣುವುದಿಲ್ಲ; ಅವಕೆಂಪು ಕಿರಣವಾಗಿ ಅವುಗಳ ಕಾವು ಮಾತ್ರ ಹೊರಗೆ ಬರುತ್ತದೆ. ಅದನ್ನು ಹಿಡಿಯುವ ನಮ್ಮ ಪೆಟ್ಟಿಗೆ ಒಳಗೆ ಕೊರೆಯುವಷ್ಟು ತಣ್ಣಗಿರಬೇಕು. ಒಂದು ಗೋಡೆ ಸ್ವಲ್ಪ ಬೆಚ್ಚಗಾದರೂ ಅದೇ ಹೊಳೆದು ಚಿತ್ರ ಕೆಡಿಸುತ್ತದೆ. ಕಳೆದ ಜುಲೈಯಲ್ಲಿ ದೂರದರ್ಶಕಕ್ಕೆ ಕೂರಿಸಿದ ಮೇಲೆ ಪ್ರತಿ ಚಿತ್ರದ ಎಡ ಮೂಲೆಯಲ್ಲೂ ಬಿಳಿ ಕಲೆ ಬಂತು. ಅದರ ಹಿಂದೆ ಏನಿತ್ತೋ, ಈ ವರ್ಷ ಯಾರೂ ನೋಡಲಿಲ್ಲ. ಕಾವನ್ನು ಎಳೆದೊಯ್ಯುವ ತಾಮ್ರದ ಪಟ್ಟಿಗಳನ್ನು ಬಿಗಿದವನು ನೀನು. ತಪಾಸಣೆ ಹಾಳೆಯನ್ನು ಜೋಪಾನವಾಗಿ ಇಡಬೇಕಾದವನೂ ನೀನು; ಅದು ಸಿಗಲಿಲ್ಲ. ಪೆಟ್ಟಿಗೆ ಬಿಚ್ಚಬೇಕಾದರೆ ಹನ್ನೊಂದು ದಿನ ನಿಧಾನವಾಗಿ ಬೆಚ್ಚಗೆ ಮಾಡಬೇಕು. ವೀಕ್ಷಣೆ ನಿಲ್ಲಿಸಲು ಯಾರೂ ಒಪ್ಪಲಿಲ್ಲ. ಬಿಚ್ಚಿ ನೋಡುವ ಮೊದಲೇ ನಿನ್ನನ್ನು ಕೆಲಸದಿಂದ ತೆಗೆದರು.

ತಪ್ಪು ಸಿಕ್ಕಿದ್ದು ನನ್ನ ಕೆಲಸದಲ್ಲಿ. ಒಳಗೋಡೆಯ ಆರು ತಗಡುಗಳನ್ನು ಜೋಡಿಸಿದವಳು ನಾನು. ಗೀರು ಬೀಳದಿರಲೆಂದು ತಗಡಿಗೆ ಅಂಟಿಸಿರುವ ಹಳದಿ ಪ್ಲಾಸ್ಟಿಕ್ ಪೊರೆ ಆರನೆಯದರ ಅಂಚಿನಲ್ಲಿ ಹಾಗೇ ಉಳಿದಿತ್ತು. ಅದರಿಂದ ತಗಡು ತಣ್ಣನೆಯ ಚೌಕಟ್ಟಿಗೆ ತಾಗಲೇ ಇಲ್ಲ, ಬೆಚ್ಚಗೇ ಉಳಿಯಿತು. ಫಿಟ್ಟರ್ ಪೊರೆಯನ್ನು ಚಿಮಟದಲ್ಲಿ ಎತ್ತಿ ಹಿಡಿದು, "ಇದು ಯಾರ ಕೆಲಸ?" ಎಂದರು. "ನಂದು" ಎಂದೆ.

ಸಂಜೆ ಅಮ್ಮನಿಗೆ ಹೇಳಿದೆ. "ನಾನು ಅವತ್ತೇ ಬಡ್ಕೊಂಡೆ. ಅವನು ಮುಚ್ಚಿದ ಸಕ್ಕರೆ ಡಬ್ಬಿ ತೆಗೆಯೋಕೆ ಪಕ್ಕದ ಮನೆಯವರನ್ನ ಕರೀಬೇಕಿತ್ತು. ಅವನ ಕೈ ಸಡಿಲ ಅಂತೆ!" ಎಂದು ನಕ್ಕಳು. ನಗು ನಿಂತ ಮೇಲೆ, "ಇದನ್ನ ಅವನಿಗೆ ನೀನೇ ಹೇಳ್ಬೇಕು ಕಣೇ. ನಾನು ಹೇಳಲ್ಲ" ಎಂದಳು.

ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೋ. ಭಾರ ಎತ್ತುವಾಗ ಜೊತೆಗೆ ಒಬ್ಬರನ್ನು ಕರೆ. ನಿನ್ನ ಕೈಗಿದ್ದ ಹೆಸರು ನಿನಗೆ ಮರಳಿ ಬರಲಿ.

ನಿನ್ನ ಅಕ್ಕ

ಸಹಿ ಹಾಕಿದ ಮೇಲೆ ಬರೆಯುತ್ತಿರುವುದು: ತಪಾಸಣೆ ಹಾಳೆ ಕಳೆದಿರಲಿಲ್ಲ. ಕಿತ್ತ ಪ್ರತಿ ಪೊರೆಯ ಚೂರನ್ನೂ ಅದರ ಚೌಕಗಳಲ್ಲಿ ಅಂಟಿಸುತ್ತೇವಲ್ಲ, ಒಳಗೆ ಏನೂ ಉಳಿದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಕಲೆ ಕಾಣಿಸಿದ ದಿನವೇ ನಿನ್ನ ಮೇಜಿನಿಂದ ಹಾಳೆ ತೆಗೆದು ನೋಡಿದೆ. ಐದು ಚೌಕಗಳಲ್ಲಿ ಪೊರೆ ಇತ್ತು. ಆರನೆಯದು ಖಾಲಿ. ಕೆಳಗೆ ನನ್ನ ಸಹಿ. ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದೆ. ಮರುದಿನ ಸಂಸ್ಥೆಯ ನಿರ್ದೇಶಕರು, "ನಿಮ್ಮ ತಮ್ಮನ ಬೋಲ್ಟೇ ಸಡಿಲ ಇರಬಹುದಾ?" ಎಂದು ಕೇಳಿದಾಗ ನಾನು "ಇರಬಹುದು" ಎಂದೆ. ಪಕ್ಕದಲ್ಲೇ ನಿಂತಿದ್ದ ನೀನು ನನ್ನ ಮುಖ ನೋಡಿ, "ಅಕ್ಕ ಹೇಳಿದ್ಮೇಲೆ ಇರಬಹುದು ಸರ್" ಎಂದು ಒಪ್ಪಿಕೊಂಡೆ.

ಅಮ್ಮನಿಗೆ ಇದು ಇನ್ನೂ ಗೊತ್ತಿಲ್ಲ. ಪೊರೆ ಸಿಕ್ಕಿದ್ದರ ಬಗ್ಗೆ ಸಂಸ್ಥೆಯ ವಿಚಾರಣೆ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ. ಹಾಳೆಯನ್ನು ತೆಗೆದುಕೊಂಡು ಹೋಗುತ್ತೇನೆ.