ಯಾರಿಗೆ ತಿಳಿಸಬೇಕು?

ಹನ್ನೆರಡನೆಯ ತಾರೀಖು, ಮಂಗಳವಾರ

ನನ್ನ ಗುಬ್ಬಿಗೆ,

ನಿನಗೂ ಅಳಿಯಂದಿರಿಗೂ ಅಪ್ಪನ ಆಶೀರ್ವಾದ. ಕಾಗದ ಎಂಟು ದಿನ ತಡವಾಯಿತು, ಬೈಯಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಎದ್ದು ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತೆ.

ಮೊದಲು ಸಂತೋಷದ ಸುದ್ದಿ. ನಿಮ್ಮ ಹನಿಮೂನಿನ ಬಟ್ಟೆ ತಯಾರು. ವನ್ಯಧಾಮದೊಳಗೆ ಕೆಂಪು, ಹಳದಿ ತೊಡುವ ಹಾಗಿಲ್ಲವಂತಲ್ಲ, ಇಬ್ಬರಿಗೂ ಮಣ್ಣಿನ ಬಣ್ಣದ್ದೇ ಹೊಲಿದೆ. ಪಕ್ಕದಂಗಡಿಯ ಕ್ಷೌರಿಕ ನೋಡಿ, "ಏನ್ ಟೈಲರಣ್ಣಾ, ಮಗಳು ಹನಿಮೂನಿಗೆ ಹೋಗ್ತಾಳೋ, ಪೊಲೀಸ್ ಕೆಲಸಕ್ಕೆ ಸೇರ್ತಾಳೋ?" ಎಂದ. "ಹುಲಿಗೆ ಕಾಣಬಾರದಪ್ಪಾ" ಎಂದೆ. "ಹಂಗಾದ್ರೆ ಗಂಡನಿಗೂ ಕಾಣೋಲ್ಲ ಬಿಡಿ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ವನ್ಯಧಾಮದ ಪರವಾನಗಿಗೆಂದು ನೀನು ಕಳಿಸಿದ ಲಕೋಟೆಯನ್ನು ಅರಣ್ಯ ಕಚೇರಿಗೆ ಅಂದೇ ಒಯ್ದೆ. ನೀನು ನಾಲ್ಕೂ ಕಡೆ ಅಂಟು ಹಾಕಿದ್ದೆ, ನಾನು ಒಡೆಯಲಿಲ್ಲ. ಕಿಟಕಿಯ ಗುಮಾಸ್ತರು ಫಾರಂ ಹೊರತೆಗೆದು, 'ಏನಾದರೂ ಆದರೆ ಯಾರಿಗೆ ತಿಳಿಸಬೇಕು' ಎಂಬ ಪ್ರಶ್ನೆಯ ಮೇಲೆ ಬೆರಳಿಟ್ಟು, ಅಲ್ಲಿದ್ದ ನಂಬರಿಗೆ ಫೋನ್ ಹಚ್ಚತೊಡಗಿದರು. "ನಂಬರ್ ಸರಿ ಇದ್ಯಾ ಅಂತ ನೋಡದೆ ನಾನು ಸೀಲ್ ಹಾಕೋಲ್ಲ ಯಜಮಾನ್ರೇ. ಆನೆ ಅಟ್ಟಿಸ್ಕೊಂಡು ಬಂದ ಹೊತ್ತಲ್ಲಿ ರಾಂಗ್ ನಂಬರ್ ಅಂದ್ರೆ ನಾನೇನ್ ಮಾಡ್ಲಿ?" ಎಂದರು.

ನಾನು ಜೇಬಿನಿಂದ ನನ್ನ ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡೆ, ಈಗ ಬಡಿದುಕೊಳ್ಳುತ್ತದೆ ಎಂದು. ಅದು ಸುಮ್ಮನಿತ್ತು.

ಗುಮಾಸ್ತರು ನಿನ್ನ ಹೆಸರು ಹೇಳಿ, ಯಾರು ಮಾತಾಡೋದು ಎಂದು ಕೇಳಿದರು. ಸ್ಪೀಕರಿನಲ್ಲಿ ಹೆಣ್ಣು ದನಿ ಬಂತು: "ನಾನು ಅವಳ ತಾಯಿ. ಯಾಕೆ? ನನ್ನ ಮಗಳಿಗೆ ಏನಾಯ್ತು?"

ಗುಬ್ಬೀ, ಇಪ್ಪತ್ತು ವರ್ಷವಾದರೂ ಆ ದನಿ ಗುರುತು ಹತ್ತಿತು. ಕಿಟಕಿಯ ಕಂಬಿ ಹಿಡಿದುಕೊಂಡೆ. ಗುಮಾಸ್ತರು, "ಏನೂ ಆಗಿಲ್ಲಮ್ಮ, ಹನಿಮೂನಿಗೆ ಹೋಗ್ತಿದಾರೆ ಅಷ್ಟೇ" ಎಂದು ಫೋನ್ ಇಟ್ಟು, ನನ್ನ ಕಡೆ ತಿರುಗಿ, "ನಿಮ್ಮನೆಯವರಿಗೆ ಗಾಬರಿ ಜಾಸ್ತಿ, ಅಲ್ವಾ?" ಎಂದರು. ಹೂಂ ಎಂದೆ. ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಕತ್ತರಿ ಹುಡುಕಿದೆ.

ನಿನ್ನಮ್ಮ ಕಾಯಿಲೆಯಲ್ಲಿ ತೀರಿಹೋದಳೆಂದು ನಿನಗೆ ಹೇಳಿದವನು ನಾನು. ಅದು ಸುಳ್ಳು. ನನ್ನ ಜೊತೆ ಜಗಳವಾಡಿ ಹೊರಟವಳು ಒಂಬತ್ತನೆಯ ದಿನ ಮಧ್ಯಾಹ್ನ ತಿರುಗಿ ಬಂದು ಬಾಗಿಲು ತಟ್ಟಿದಳು. ನಾನು ತೆಗೆಯಲಿಲ್ಲ. "ಯಾರಪ್ಪಾ?" ಎಂದು ನೀನು ಕೇಳಿದೆ. ನಿನಗಾಗ ನಾಲ್ಕು ವರ್ಷ. ಗಿರಾಕಿ ಎಂದೆ. ಆ ತಿಂಗಳೇ ನಾವು ಊರು ಬದಲಿಸಿದೆವು. ನೀನು ಅವಳನ್ನು ಯಾವಾಗ ಹುಡುಕಿದೆ, ಮದುವೆಯ ದಿನ ಅವಳ ಫೋಟೋದ ಮುಂದೆ ನಾನು ನಿನ್ನನ್ನು ನಿಲ್ಲಿಸಿದಾಗ ನಿನಗೆ ಎಲ್ಲ ಗೊತ್ತಿತ್ತೇ, ಇದನ್ನೆಲ್ಲ ಕೇಳಲು ನನಗೆ ಬಾಯಿಲ್ಲ.

ಕಾಡಿನಲ್ಲಿ ಜೀಪಿನಿಂದ ಇಳಿಯಬೇಡಿ. ಅಳಿಯಂದಿರ ಶರ್ಟಿಗೆ ಒಳಗಡೆ ಒಂದು ಗುಂಡಿ ಹೆಚ್ಚಿಗೆ ಹಾಕಿದ್ದೇನೆ, ಉದುರಿದರೆ ಬೇಕಾಗುತ್ತದೆ. ಇಬ್ಬರೂ ತಣ್ಣಗೆ ಬಾಳಿ.

ನಿನ್ನ
ಅಪ್ಪ

ಇನ್ನೊಂದು ಮಾತು. ಆ ಪ್ರಶ್ನೆಯ ಕೆಳಗೆ ಎರಡು ಸಾಲುಗಳಿದ್ದವು. ಎರಡನೆಯದನ್ನು ನೀನು ಖಾಲಿ ಬಿಟ್ಟಿದ್ದೆ. ಗುಮಾಸ್ತರು ಪೆನ್ನು ಚಾಚಿ, "ನಿಮ್ಮದೂ ಬರೀರಿ, ಒಬ್ರಿಗಿಂತ ಇಬ್ರು ಇದ್ರೆ ಒಳ್ಳೇದು" ಎಂದರು. ನನ್ನ ಕೈ ಏಳಲಿಲ್ಲ. ಅದನ್ನು ನೀನೇ ಬರೆಯಬೇಕು. ಹೊರಡುವ ಹಿಂದಿನ ದಿನದವರೆಗೂ ಬರೆಯಬಹುದಂತೆ.