ನೂಲು ಕಟ್ಟದೆ ಕಿತ್ತ ಬೇರು

ಬೆಟ್ಟಕ್ಕೆ ಬೀಗ ಹಾಕಿರುವ ಅರಣ್ಯಾಧಿಕಾರಿಗಳೇ,

ನನ್ನ ಸೊಸೆ ಸಾಯುವುದರಲ್ಲಿದ್ದಳು. ಮದ್ದು ಕೊಟ್ಟವಳು ನಾನು, ದಾರಿ ಮಾಡಿದ್ದು ನಿಮ್ಮ ಆದೇಶ. ನಾನು ಹೈಸ್ಕೂಲಿನವರೆಗಷ್ಟೇ ಓದಿದವಳು, ಸುತ್ತಿ ಬಳಸಿ ಬರೆಯಲು ಬಾರದು.

ನೀಲಿಬೇರು ಅಳಿಯುತ್ತಿದೆ, ಉಳಿಸಬೇಕು ಎನ್ನುತ್ತೀರಿ. ಹೊಟ್ಟೆನೋವೆಂದು ಬಂದವರಿಗೆ ನಲವತ್ತು ವರ್ಷ ಅದನ್ನೇ ಅರೆದು ಕೊಟ್ಟವಳಿಗೆ ಅದು ಉಳಿಯುವುದು ಬೇಡವೇ? ಆದರೆ ಅದರ ನಡುನಡುವೆ ಅದೇ ಎಲೆ, ಅದೇ ಕಾಂಡದ ಇನ್ನೊಂದು ಗಿಡ ಬೆಳೆಯುತ್ತದೆ. ಅದರ ಬೇರು ವಿಷ. ವ್ಯತ್ಯಾಸ ಹೂವಿನಲ್ಲಿ ಮಾತ್ರ: ಇದರದು ನೀಲಿ, ಅದರದು ಬಿಳಿ. ಅದಕ್ಕೇ ನನ್ನತ್ತೆ ಹೂವಿನ ಕಾಲದಲ್ಲಿ ಹತ್ತು ನೀಲಿ ಗಿಡ ಕಂಡರೆ ಮೂರಕ್ಕೆ ಮಾತ್ರ ಕೆಂಪು ನೂಲು ಕಟ್ಟಿಸಿ, ಉಳಿದವನ್ನು ಬೀಜಕ್ಕೆ ಬಿಡಿಸುತ್ತಿದ್ದರು. ಬೀಜ ಉದುರಿದ ಮೇಲೆ ನೂಲಿದ್ದದ್ದನ್ನಷ್ಟೇ ಅಗೆದು, ಬೇರಿನ ಮೊಳಕೆಯೊಡೆಯುವ ತುದಿಯನ್ನು ಅದೇ ಗುಣಿಯಲ್ಲಿ ಹೂಳಿ ಬರುವುದು. ಇದನ್ನು ನಿಮಗೆ ಯಾರೂ ಹೇಳಲಿಲ್ಲವೇ? ನೀವು ಯಾರನ್ನಾದರೂ ಕೇಳಿದಿರಾ?

ಕಳೆದ ವರ್ಷ ಹೂವಿನ ಕಾಲಕ್ಕೆ ಬೆಟ್ಟ ಮುಚ್ಚಿದಿರಿ. ಬೀಜ ಉದುರಿದ ಮೇಲೆ ಬಂದು ಅಗೆಯಿರಿ ಎಂದಿರಿ. ನಿಮ್ಮ ಗುಮಾಸ್ತರ ಮೇಜಿನ ಮುಂದೆ ನಿಂತೆ.

"ಅಜ್ಜಿ, ಈಗ ಕೀಳೋ ಹಾಗಿಲ್ಲ."

"ಕೀಳಲ್ಲಪ್ಪಾ, ಹೂ ನೋಡಿ ನೂಲು ಕಟ್ಟಿ ಬರ್ತೀನಿ."

"ನೋಡೋಕೂ ಪರ್ಮಿಟ್ ಇಲ್ಲ."

"ನಾನು ನೋಡಿದ್ರೆ ಹೂ ಸವೆದುಹೋಗುತ್ತಾ?"

ಅವರು ನಕ್ಕರು. ಅವತ್ತು ನಾನೂ ನಕ್ಕೆ.

ಕೊನೆಗೆ ನೀವು ಬೆಟ್ಟ ತೆರೆದಾಗ ಹೂವಿಲ್ಲದ ಒಣಗಿದ ಕಡ್ಡಿ ನೋಡಿ ಅಗೆದೆ. ನನ್ನ ಕೈ ತಪ್ಪುವುದಿಲ್ಲವೆಂಬ ಜಂಬ. ಹೊಟ್ಟೆನೋವೆಂದ ಸೊಸೆಗೆ ಪುಡಿ ಕಲಸಿ ಕೊಟ್ಟೆ.

"ಅತ್ತೆ, ನಾಲಿಗೆ ಜೋಮು ಹಿಡೀತಿದೆ."

"ಮದ್ದು ಅಂದ್ರೆ ಪಾಯಸಾನಾ? ಸುಮ್ನೆ ಮಲಗು" ಎಂದು ಗದರಿದೆ. ಸ್ವಲ್ಪ ಹೊತ್ತಿಗೆ ಅವಳ ಕೈ ಮಂಜಿನ ಹಾಗೆ ತಣ್ಣಗಿತ್ತು. ಆಸ್ಪತ್ರೆಯಲ್ಲಿ ಮೂರು ದಿನ ಕಳೆದು ಕಣ್ಣು ಬಿಟ್ಟಳು.

ಈಗ ನನ್ನ ನಿಜವಾದ ಭಯ ಕೇಳಿ. ಅದೇ ಡಬ್ಬಿಯ ಪುಡಿಯನ್ನು ಹನ್ನೊಂದು ಮಂದಿ ಒಯ್ದಿದ್ದಾರೆ. ಏಳು ಮನೆಗೆ ಓಡಿ ಹಿಂದಕ್ಕೆ ತಂದೆ. ಉಳಿದ ನಾಲ್ವರ ಹೆಸರು, ಊರು ತಿಳಿಯದು. ಅದಕ್ಕೇ ಮುಚ್ಚಿದ ಲಕೋಟೆಯಲ್ಲಿ ಹಾಕದೆ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಕಳೆದ ಹೂವಿನ ಕಾಲದಿಂದೀಚೆಗೆ ನನ್ನ ಕೈಯಿಂದ ಪುಡಿ ಪಡೆದವರೇ, ನಾಲಿಗೆಗೂ ಮುಟ್ಟಿಸಬೇಡಿ.

ಅಧಿಕಾರಿಗಳೇ, ಮುಂದಿನ ತಿಂಗಳು ಹೂ ಬಿಡುತ್ತದೆ. ಐದು ದಿನ ಬೆಟ್ಟ ತೆರೆಯಿರಿ. ಗುದ್ದಲಿ ತರುವುದಿಲ್ಲ, ನೂಲುಂಡೆ ಮಾತ್ರ. ನಿಮ್ಮ ಕಾವಲುಗಾರರೂ ಜೊತೆಗಿರಲಿ. ಇಲ್ಲವೆಂದರೆ ನನ್ನಂತೆಯೇ ಜಂಬದ ಇನ್ನೊಬ್ಬಳು ಕಡ್ಡಿ ನೋಡಿ ಅಗೆಯುತ್ತಾಳೆ.

ಸೊಸೆ ಈಗ ನಾನು ನೀರು ಕೊಟ್ಟರೂ ಒಮ್ಮೆ ಲೋಟದೊಳಗೆ ನೋಡುತ್ತಾಳೆ. ಕೊಡುವ ಮೊದಲು ನಾನೂ ನೋಡುತ್ತೇನೆ.

ಇಂತಿ,
ತನ್ನ ಕೈಗೇ ಹೆದರಿ ಕೂತಿರುವ
ಬೇರಿನಜ್ಜಿ